ಸಹಾಯ ಬೇಕು: ಅಮ್ಮನಿಗೂ ಮಗನಿಗೂ ಅಸ್ತಮಾ, ಇನ್ಹೇಲರ್ ಬಗ್ಗೆ ಹೇಳಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಇಬ್ಬರಿಗೆ ಅಸ್ತಮಾ. ಅಮ್ಮನಿಗೆ 67, ಮಗನಿಗೆ 4. ಮಗನದು ಪರವಾಗಿಲ್ಲ, ಸ್ಪೇಸರ್‌ಗೆ (ಇನ್ಹೇಲರ್‌ಗೆ ಜೋಡಿಸುವ ಟೊಳ್ಳು ಕೊಳವೆ) ಮಾಸ್ಕ್ ಸಿಕ್ಕಿಸಿ ಮುಖಕ್ಕೆ ಒತ್ತಿ ಹಿಡಿದರೆ ಐದಾರು ಉಸಿರು ಎಳೆದುಕೊಳ್ಳುತ್ತಾನೆ, ಆಮೇಲೆ ಬಾಯಿ ಮುಕ್ಕಳಿಸು ಅಂದರೆ ಅರ್ಧ ನೀರು ಅಂಗಿ ಮೇಲೆ.

ಕಷ್ಟ ಅಮ್ಮನದು. ಒಳಗಿನ ಊತ ಇಳಿಸುವ ಇನ್ಹೇಲರ್ ಬ್ಯುಡೆಸೊನೈಡ್ ದಿನಾ ಎರಡು ಹೊತ್ತು ತಗೋಬೇಕು ಅಂತ ಡಾಕ್ಟರು ಹೇಳಿದ್ದಾರೆ. ಇವರು ನಾಲ್ಕು ದಿನ ಆರಾಮಾದರೆ ಸಾಕು, ‘ಅಭ್ಯಾಸ ಆಗಿಬಿಡುತ್ತೆ’ ಅಂತ ನಿಲ್ಲಿಸುತ್ತಾರೆ, ಉಬ್ಬಸ ಬಂದಾಗ ಮಾತ್ರ ಇನ್ನೊಂದು ಇನ್ಹೇಲರ್ ಸಾಲ್ಬ್ಯುಟಮಾಲ್ ಹುಡುಕುತ್ತಾರೆ. ಅದು ಆ ಕ್ಷಣಕ್ಕೆ ಉಸಿರು ಬಿಡಿಸುತ್ತೆ ಅಷ್ಟೇ, ಒಳಗಿನ ಊತ ಇಳಿಸಲ್ಲ ಅಲ್ವಾ? ಹೇಳಿದರೆ, ಮೃಗಶಿರಾ ದಿನ ಹೈದರಾಬಾದಿಗೆ ಮೀನಿನ ಔಷಧಕ್ಕೆ ಕರ್ಕೊಂಡು ಹೋಗು ಅಂತಾರೆ!

ಇನ್ನೊಂದು, ಬೆರಳಲ್ಲಿ ಸಂಧಿವಾತ. ಪಂಪ್ ಒತ್ತುವುದಕ್ಕೂ ಉಸಿರು ಎಳೆಯುವುದಕ್ಕೂ ತಾಳ ಕೂಡುತ್ತಿಲ್ಲ, ಮದ್ದು ಬಾಯಲ್ಲೇ ಉಳಿಯುತ್ತೆ. ಈ ವಯಸ್ಸಿನವರು ಸ್ಪೇಸರ್ ಬಳಸುತ್ತಿದ್ದಾರಾ? ಪುಡಿ ಇನ್ಹೇಲರ್‌ಗೆ ಜೋರಾಗಿ ಎಳೆಯಬೇಕಂತೆ, ಅಷ್ಟು ದಮ್ ಇರುತ್ತಾ? ಮುಂದಿನ ವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ, ಏನೇನು ಕೇಳಬೇಕು, ಅನುಭವ ಇದ್ದವರು ದಯವಿಟ್ಟು ಬರೆಯಿರಿ.