ನೀರು ಸಂಸ್ಕರಣಾ ಘಟಕದ ಸರ್ವಿಸ್ ಕೆಲಸ: ಪಂಪ್ ರಿಪೇರಿ ಗೊತ್ತಿದ್ದರೆ ಸಾಕಾ?

ರಿವೈಂಡಿಂಗ್ ಹುಡುಗ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಮೋಟಾರ್ ರಿವೈಂಡಿಂಗ್ ಮಾಡಿಕೊಂಡಿದ್ದೇನೆ. ಈಗ ಕೊಳಚೆ ನೀರು ಸಂಸ್ಕರಣಾ ಘಟಕ, ಆರ್‌ಒ ಘಟಕ ಇವಕ್ಕೆಲ್ಲ ಸರ್ವಿಸ್ ಕೊಡುವ ಕಂಪನಿಯೊಂದು ಟೆಕ್ನೀಷಿಯನ್ ಕೆಲಸಕ್ಕೆ ಕರೆದಿದೆ. ನಾನಿನ್ನೂ ಒಪ್ಪಿಲ್ಲ. ಇಂಟರ್‌ವ್ಯೂ ಮಾಡಿದವರು “ಪಂಪು, ಪ್ಯಾನೆಲ್ ಗೊತ್ತಲ್ಲ, ಅಷ್ಟು ಸಾಕು” ಅಂದರು. ಅವರು ಅಷ್ಟು ಬೇಗ ಸಾಕು ಅಂದಿದ್ದಕ್ಕೇ ನನಗೆ ಅನುಮಾನ.

ಕೆಮಿಸ್ಟ್ರಿ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅದು ಎಷ್ಟು ಬೇಕಾಗುತ್ತೆ? ಅಪಾಯ ಎಷ್ಟು? ಈ ಕೆಲಸದಲ್ಲಿ ಇರುವವರು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಹಳೇ ಸ್ಪ್ಯಾನರ್

ಸಾಕಾಗುವುದಿಲ್ಲ. ಆದರೆ ಒಳ್ಳೆಯ ಕಡೆಯಿಂದಲೇ ಬರುತ್ತಿದ್ದೀರಿ. ಕರೆಂಟ್ ಗೊತ್ತಿರುವವನಿಗೆ ನೀರು ಕಲಿಸುವುದು ಸುಲಭ.

ಮೊದಲು ಒಂದು ಮಾತು. ಫೋನಿನಲ್ಲಿ ಬರುವ ದೂರೇ ಬೇರೆ, ಅಲ್ಲಿರುವ ತೊಂದರೆಯೇ ಬೇರೆ. “ಬ್ಲೋವರ್ ಹೋಗಿದೆ, ಗಾಳಿ ಸಾಲ್ತಿಲ್ಲ” ಅಂತ ಕರೆಯುತ್ತಾರೆ. ಬ್ಲೋವರ್ ಅಂದರೆ ಟ್ಯಾಂಕಿಗೆ ಗಾಳಿ ಊದುವ ಯಂತ್ರ. ಹೋಗಿ ನೋಡಿದರೆ ಬ್ಲೋವರ್ ಗುಂಡುಕಲ್ಲಿನಂತೆ ಇರುತ್ತದೆ. ನಾನು ಆಗ ಮೊದಲು ಪ್ರೆಶರ್ ಗೇಜ್ ನೋಡುತ್ತೇನೆ. ಡಿಫ್ಯೂಸರ್ (ಟ್ಯಾಂಕಿನ ತಳದಲ್ಲಿ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಭಾಗ) ಮೇಲೆ 4 ಮೀಟರ್ ನೀರಿದ್ದರೆ ಆ ನೀರಿನ ಭಾರಕ್ಕೇ ಸುಮಾರು 0.4 ಬಾರ್ ಬೇಕು. ಪೈಪು, ಡಿಫ್ಯೂಸರ್‌ದು ಅಂತ ಇನ್ನೊಂಚೂರು ಸೇರಿಸಿ. ಗೇಜ್ ಅದಕ್ಕಿಂತ ಬಹಳ ಮೇಲಿದ್ದು, ಮೋಟಾರ್ ಆಂಪ್ಸ್ ಕೂಡ ಏರಿದ್ದರೆ ಕೆಳಗೆ ಡಿಫ್ಯೂಸರ್ ಕಟ್ಟಿಕೊಂಡಿದೆ ಅಂತ ಲೆಕ್ಕ. ಬ್ಲೋವರ್ ಬಿಚ್ಚಿದರೆ ಸುಮ್ನೆ ಒಂದು ದಿನ ಹಾಳು. ಗೇಜ್ ಸರಿಯಾಗಿದ್ದೂ ಟ್ಯಾಂಕಿನಲ್ಲಿ ಆಕ್ಸಿಜನ್ ಲೀಟರಿಗೆ 2 ಮಿಲಿಗ್ರಾಂ ಮುಟ್ಟುತ್ತಿಲ್ಲ ಅಂದರೆ, ಒಳಗೆ ಬರುವ ಕೊಳೆಯೇ ಜಾಸ್ತಿಯಾಗಿರಬಹುದು. ಅದಕ್ಕೆ ಸ್ಪ್ಯಾನರ್‌ನಲ್ಲಿ ಉತ್ತರ ಇಲ್ಲ.

ನಿಮಗೆ ಲಾಭ ಆಗುವ ಜಾಗಗಳೂ ಇವೆ. ಪ್ಯಾನೆಲ್ ಕೆಲಸ ಆದಮೇಲೆ ಪಂಪ್ ಓಡುತ್ತಿದೆ, ಶಬ್ದ ಸರಿಯಿದೆ, ನೀರು ಮಾತ್ರ ಕಡಿಮೆ ಬರುತ್ತಿದೆ. ಎರಡು ಫೇಸ್ ಅದಲುಬದಲಾಗಿ ಮೋಟಾರ್ ತಿರುಗುಮುರುಗು ಓಡುತ್ತಿರುತ್ತದೆ. ಸೆಂಟ್ರಿಫ್ಯೂಗಲ್ ಪಂಪ್ ಉಲ್ಟಾ ತಿರುಗಿದರೂ ಸ್ವಲ್ಪ ನೀರು ತಳ್ಳುತ್ತದೆ, ಅದಕ್ಕೇ ಎಲ್ಲರೂ ಮೋಸ ಹೋಗುತ್ತಾರೆ. ಇನ್ನು ಲೆವೆಲ್ ಸೆನ್ಸರ್. 4-20 ಮಿಲಿ ಆಂಪ್ ಸಿಗ್ನಲ್‌ನಲ್ಲಿ 4 ಬಂದರೆ ಟ್ಯಾಂಕ್ ಖಾಲಿ, 0 ಬಂದರೆ ವೈರ್ ತುಂಡಾಗಿದೆ. ಇದು ನಿಮಗೆ ಹೇಳಿಕೊಡಬೇಕಿಲ್ಲ. ಆದರೆ ಅಲ್ಟ್ರಾಸಾನಿಕ್ ಸೆನ್ಸರ್ ಕೆಳಗೆ ದಪ್ಪ ನೊರೆ ಬಂದರೂ ರೀಡಿಂಗ್ ತಪ್ಪುತ್ತದೆ. ಇದನ್ನು ಜಾಗದಲ್ಲೇ ನೋಡಿ ಕಲಿಯಬೇಕು.

ಕೆಮಿಸ್ಟ್ರಿ ಅಂತ ಹೆದರಬೇಡಿ. ಪಿಎಚ್ ಮೀಟರನ್ನು 7 ಮತ್ತು 4ರ ಬಫರ್‌ನಲ್ಲಿ ಹೊಂದಿಸಲು ಬರಬೇಕು. ಪ್ರೋಬನ್ನು ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿಡಬಾರದು, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಬೇಕು. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗೆ ಅಲ್ಲ. ಹೈಪೋ (ಬ್ಲೀಚ್ ದ್ರಾವಣ) ಡಬ್ಬಕ್ಕೆ ಆಸಿಡ್ ತಾಗಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಆದ್ದರಿಂದ ಎರಡಕ್ಕೂ ಒಂದೇ ಮಗ್ಗು ಬಳಸುವ ಜಾಗ ಕಂಡರೆ ಮೊದಲು ಆ ಮಗ್ಗು ಎಸೆಯಿರಿ.

ನಿಜವಾಗಿ ಕಲಿಯಬೇಕಾದದ್ದು ಕೆಸರನ್ನು ನೋಡುವುದು. ಕೆಸರಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಕೊಟ್ಟು ಕೊಳೆ ತಿನ್ನಿಸುವ ಈ ಪದ್ಧತಿಯನ್ನು ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್, ಲಾಕೆಟ್ ಅನ್ನುವ ಇಬ್ಬರು 1914ರಲ್ಲಿ ತೋರಿಸಿಕೊಟ್ಟರು. ಇವತ್ತಿಗೂ ಅದರ ಆರೋಗ್ಯ ತಿಳಿಯಲು ಒಂದು ಲೀಟರಿನ ಅಳತೆ ಜಾಡಿ, ಒಂದು ಗಡಿಯಾರ ಇದ್ದರೆ ಅರ್ಧ ಕೆಲಸ ಆಯಿತು. ಗಾಳಿ ಊದುವ ಏರೇಷನ್ ಟ್ಯಾಂಕಿನ ನೀರು ತುಂಬಿಸಿ 30 ನಿಮಿಷ ಅಲ್ಲಾಡಿಸದೆ ಬಿಡಿ. ಕೆಸರು 250 ಮಿಲಿಗೆ ಇಳಿದು, ಲ್ಯಾಬ್ ರಿಪೋರ್ಟಿನಲ್ಲಿ ಎಂಎಲ್‌ಎಸ್‌ಎಸ್ (ಲೀಟರಿಗೆ ಎಷ್ಟು ಮಿಲಿಗ್ರಾಂ ಕೆಸರು ಅನ್ನುವ ಲೆಕ್ಕ) 2500 ಇದ್ದರೆ ಎಸ್‌ವಿಐ, ಅಂದರೆ ಒಂದು ಗ್ರಾಂ ಕೆಸರು ಕೂರಲು ಹಿಡಿಯುವ ಮಿಲಿ, 100. ಆರಾಮಾಗಿ ಟೀ ಕುಡಿಯಿರಿ. ಎಸ್‌ವಿಐ 150 ದಾಟಿದರೆ ಕೆಸರು ಹಗುರಾಗುತ್ತಿದೆ.

ಅರ್ಧ ಗಂಟೆ ಆದರೂ ಜಾಡಿಯಲ್ಲಿ ಕೆಸರು 900 ಮಿಲಿಯಲ್ಲೇ ನಿಂತಿತು ಅನ್ನಿ. ಎರಡು ಕಾರಣ ಇರಬಹುದು: ಕೆಸರು ವಿಪರೀತ ಜಾಸ್ತಿ, ಇಲ್ಲವೇ ದಾರದಂಥ ಬ್ಯಾಕ್ಟೀರಿಯಾ ಬೆಳೆದು ಕೆಸರು ಉಬ್ಬಿದೆ. ಯಾವುದು ಅಂತ ಅಲ್ಲೇ ತಿಳಿಯಬಹುದು. ಅದೇ ನೀರಿಗೆ ಅಷ್ಟೇ ಪ್ರಮಾಣದ ಸಂಸ್ಕರಿಸಿದ ತಿಳಿ ನೀರು ಬೆರೆಸಿ ಮತ್ತೆ ಬಿಡಿ. ಈಗ ಅರ್ಧಕ್ಕಿಂತಲೂ ಕೆಳಗೆ ಸರ್ರನೆ ಇಳಿದರೆ ಕೆಸರು ಜಾಸ್ತಿ, ಹೊರಗೆ ತೆಗೆಯಲು ಹೇಳಿ. ಇಳಿಯಲು ಆಗಲೂ ಒದ್ದಾಡುತ್ತಿದ್ದರೆ ದಾರದ ತೊಂದರೆ, ಮೈಕ್ರೋಸ್ಕೋಪ್ ಇರುವವರನ್ನು ಕರೆಸಿ. ಈ ಪರೀಕ್ಷೆಗೆ ದುಡ್ಡು ಖರ್ಚಿಲ್ಲ. ಆದರೂ ಇದನ್ನು ಮಾಡದೆ ಪೌಡರ್ ಡಬ್ಬ ಮಾರಿ ಹೋಗುವವರೇ ಜಾಸ್ತಿ ಅಂತ ನನಗೆ ಸಿಟ್ಟಿದೆ.

ಇನ್ನು ಅಪಾಯ. ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್. ಚೂರೇ ಚೂರು ಇದ್ದಾಗ ಮೂಗಿಗೆ ಹೊಡೆಯುತ್ತದೆ. 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ಹತ್ತಿರ ಬಂದರೆ ಮೂಗೇ ಕೆಲಸ ನಿಲ್ಲಿಸುತ್ತದೆ. ವಾಸನೆ ಹೋಯಿತು, ಈಗ ಗುಂಡಿಗೆ ಇಳಿಯಬಹುದು ಅಂದುಕೊಂಡವನು ಅಲ್ಲೇ ಉಳಿಯುತ್ತಾನೆ. 500 ದಾಟಿದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ಹೋಗಬಹುದು. ಇದು ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ಕೂರುತ್ತದೆ. ಕೆಸರನ್ನು ಕದಡದೆ ಇರುವಾಗ ಗ್ಯಾಸ್ ಮೀಟರ್ ಸೊನ್ನೆ ತೋರಿಸಬಹುದು, ಕಾಲಿಟ್ಟು ಕಲಕಿದ ತಕ್ಷಣ ಗ್ಯಾಸ್ ಏಳುತ್ತದೆ. ಹಾಗಾಗಿ ಮೇಲಿನಿಂದ ಒಮ್ಮೆ ಅಳೆದು ಇಳಿಯುವುದು ಸಾಲದು. ತಳದವರೆಗೂ ಅಳೆಯಬೇಕು, ಮೀಟರ್ ಮೈಮೇಲೆ ಇರಬೇಕು, ಫ್ಯಾನ್ ಓಡುತ್ತಲೇ ಇರಬೇಕು. ಆಕ್ಸಿಜನ್ 19.5 ಶೇಕಡಾಕ್ಕಿಂತ ಕೆಳಗಿದ್ದರೆ ಇಳಿಯುವ ಮಾತೇ ಇಲ್ಲ. ಒಳಗಿರುವವನಿಗೆ ಬೆಲ್ಟು, ಹಗ್ಗ. ಮೇಲೆ ಎಳೆಯುವ ವಿಂಚ್ ಹಿಡಿದು ಇನ್ನೊಬ್ಬ. ಕೆಳಗಿನವನು ಬಿದ್ದರೂ ಮೇಲಿನವನು ಧುಮುಕಬಾರದು. ಕಾಪಾಡಲು ಇಳಿದವರೂ ಅದೇ ಗುಂಡಿಯಲ್ಲಿ ಸಾಯುತ್ತಾರೆ.

ಶಿಫ್ಟ್ ಆಪರೇಟರ್

ನಾನು ಘಟಕ ನಡೆಸುವವನು, ಅಂದರೆ ಇವರಿಗೆ ಫೋನ್ ಮಾಡುವವನು. ಮೇಲಿನವರು ಹೇಳಿದ್ದು ಸರಿ. ಆದರೆ ಫೋನಿನ ದೂರು ಯಾವಾಗಲೂ ತಪ್ಪು ಅನ್ನುವ ಹಾಗಿದೆ, ಅದನ್ನು ಒಪ್ಪಲ್ಲ ಸ್ವಾಮಿ. ನಮ್ಮ ಲಾಗ್‌ಬುಕ್‌ನಲ್ಲಿ ಗಂಟೆಗೊಂದು ರೀಡಿಂಗ್ ಇರುತ್ತದೆ. ಗೇಜ್ ಯಾವಾಗಿನಿಂದ ಏರಿತು ಅಂತ ಅದರಲ್ಲೇ ಇದೆ. ತೆಗೆದು ನೋಡುವ ಟೆಕ್ನೀಷಿಯನ್ ಎಷ್ಟು ಜನ?

ಹೊಸ ತಮ್ಮನಿಗೆ ನನ್ನದು ಎರಡೇ ಬೇಡಿಕೆ. ಹೊರಡುವ ಮುಂಚೆ ಸೆಲೆಕ್ಟರ್ ಸ್ವಿಚ್ ಮ್ಯಾನುವಲ್‌ನಿಂದ ಆಟೋಗೆ ತಿರುಗಿಸಿ. ಟೆಸ್ಟಿಂಗ್‌ಗೆ ಅಂತ ಮ್ಯಾನುವಲ್‌ಗೆ ಹಾಕಿ ಹಾಗೇ ಹೋಗುತ್ತಾರೆ, ರಾತ್ರಿ ಸಂಪ್ ಖಾಲಿಯಾಗಿ ಪಂಪ್ ಒಣಗಿ ಓಡಿ ಮೆಕ್ಯಾನಿಕಲ್ ಸೀಲ್ ಸುಟ್ಟುಹೋಗುತ್ತದೆ. ಮತ್ತೆ ಬೈಸಿಕೊಳ್ಳುವುದು ನಾವು. ಎರಡನೆಯದು, ಯಾವ ವಾಲ್ವ್ ಎಷ್ಟು ತಿರುಗಿಸಿದ್ದೀರಿ ಅಂತ ಒಂದು ಸಾಲು ಬರೆದು ಹೋಗಿ.

ಹಳೇ ಸ್ಪ್ಯಾನರ್

ಒಪ್ಪಿದೆ. ಲಾಗ್‌ಬುಕ್ ಸರಿಯಾಗಿ ಬರೆಯುವ ಆಪರೇಟರ್ ಸಿಕ್ಕರೆ ನನ್ನ ಅರ್ಧ ಕೆಲಸ ಅವರೇ ಮಾಡಿರುತ್ತಾರೆ. ಆದರೆ ಇಡೀ ತಿಂಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಪಿಎಚ್ 7.2 ಅಂತ ಬರೆದಿರುವ ಪುಸ್ತಕಗಳನ್ನೂ ನೋಡಿದ್ದೇನೆ. ಅದಕ್ಕೇನಂತೀರಿ?

ಶಿಫ್ಟ್ ಆಪರೇಟರ್

ಅದು ಬೇರೆ ಶಿಫ್ಟ್‌ನವರು. 😄

ರಿವೈಂಡಿಂಗ್ ಹುಡುಗ

ಇಬ್ಬರಿಗೂ ಥ್ಯಾಂಕ್ಸ್. ಗ್ಯಾಸ್ ವಿಷಯ ಇಷ್ಟು ವಿವರವಾಗಿ ನನಗೆ ಗೊತ್ತೇ ಇರಲಿಲ್ಲ. ಸ್ಪ್ಯಾನರ್ ಅಣ್ಣ, ಆರ್‌ಒ ಬಗ್ಗೆ ಒಂದು ಕೇಳಲಾ? ಇಂಟರ್‌ವ್ಯೂನಲ್ಲಿ ಕೇಳಿದ್ದು: ಚಳಿಗಾಲದಲ್ಲಿ ನೀರು ಕಡಿಮೆ ಬರುತ್ತಿದೆ, ಮೆಂಬ್ರೇನ್ (ಉಪ್ಪು ತಡೆದು ನೀರು ಬಿಡುವ ಪೊರೆ) ತೊಳೆಯಿರಿ ಅಂತ ಗ್ರಾಹಕರು ಹೇಳಿದರೆ ಏನು ಮಾಡುತ್ತೀರಿ? ನಾನು ತೊಳೆಯುತ್ತೇನೆ ಅಂದೆ. ಅವರು ನಕ್ಕರು.

ಹಳೇ ಸ್ಪ್ಯಾನರ್

ನಕ್ಕರು ಅಂದರೆ ಅಲ್ಲಿ ಕೆಲಸ ಗೊತ್ತಿರುವವರು ಒಬ್ಬರಾದರೂ ಇದ್ದಾರೆ. ಒಳ್ಳೆಯದೇ.

ನೀರು ತಣ್ಣಗಾದಷ್ಟೂ ಮೆಂಬ್ರೇನ್ ದಾಟುವುದು ಕಷ್ಟ. ಒಂದು ಡಿಗ್ರಿ ಇಳಿದರೆ ಸುಮಾರು 3 ಶೇಕಡಾ ನೀರು ಕಡಿಮೆ. 28 ಡಿಗ್ರಿಯಿಂದ 20ಕ್ಕೆ ಬಂತು ಅಂದರೆ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿಯೇ ಹೋಯಿತು. ಮೆಂಬ್ರೇನ್‌ಗೆ ಏನೂ ಆಗಿರುವುದಿಲ್ಲ. ಉಷ್ಣತೆ, ಒತ್ತಡ, ಒಳಬರುವ ನೀರಿನ ಉಪ್ಪು ಇಷ್ಟನ್ನೂ ಲೆಕ್ಕಕ್ಕೆ ತಗೊಂಡು, ಶುರುವಿನ ದಿನದ ರೀಡಿಂಗ್ ಜೊತೆ ಹೋಲಿಸಬೇಕು. ಆ ಲೆಕ್ಕದ ಮೇಲೂ 10ರಿಂದ 15 ಶೇಕಡಾ ಇಳಿದಿದ್ದರೆ, ಅಥವಾ ಒಳಗೆ ಹೋಗುವ ಮತ್ತು ಹೊರಬರುವ ಒತ್ತಡದ ವ್ಯತ್ಯಾಸ 15 ಶೇಕಡಾ ಏರಿದ್ದರೆ ಆಗ ತೊಳೆಯಿರಿ. ಸುಮ್ಮಸುಮ್ಮನೆ ತೊಳೆದಷ್ಟೂ ಅದರ ಆಯಸ್ಸು ಕಡಿಮೆ.

ಇದಕ್ಕೆ ತದ್ವಿರುದ್ಧ ಕೇಸ್ ಇನ್ನೂ ಕೆಟ್ಟದು. ನೀರು ಇದ್ದಕ್ಕಿದ್ದಂತೆ ಜಾಸ್ತಿ ಬರುತ್ತದೆ, ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪು) ಕೂಡ ಏರುತ್ತದೆ. ಗ್ರಾಹಕರಿಗೆ ಖುಷಿ. ಆದರೆ ಕ್ಲೋರಿನ್ ಒಳಗೆ ನುಗ್ಗಿ ಮೆಂಬ್ರೇನ್ ತಿಂದಿರುವ ಗುರುತು ಅದು. ಆಗ ಕ್ಲೋರಿನ್ ತೆಗೆಯಲು ಹಾಕುವ ಬೈಸಲ್ಫೈಟ್ ಔಷಧಿಯ ಡೋಸಿಂಗ್ ಪಂಪ್ ಹತ್ತಿರ ಹೋಗಿ. ಟಿಕ್ ಟಿಕ್ ಅಂತಿದೆಯಾ ಅಂತ ಕೇಳಿ ತೃಪ್ತಿ ಪಡಬೇಡಿ, ಟ್ಯೂಬಿನಲ್ಲಿ ಔಷಧಿ ಹರಿಯುತ್ತಿದೆಯಾ ನೋಡಿ. ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆದರೂ ಪಂಪ್ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ.

ಕೆಲಸಕ್ಕೆ ಸೇರುವ ಮುಂಚೆ ಅವರನ್ನು ಇಷ್ಟು ಕೇಳಿ. ಗ್ಯಾಸ್ ಮೀಟರ್ ಪ್ರತಿ ತಂಡಕ್ಕೂ ಇದೆಯಾ, ಅದನ್ನು ಕ್ಯಾಲಿಬ್ರೇಟ್ ಯಾವಾಗ ಮಾಡಿಸಿದ್ದು? ಗುಂಡಿ ಕೆಲಸಕ್ಕೆ ಒಬ್ಬನನ್ನೇ ಕಳಿಸುತ್ತಾರಾ? ಟೆಟನಸ್, ಹೆಪಟೈಟಿಸ್ ಎ ಲಸಿಕೆ ಕಂಪನಿ ಹಾಕಿಸುತ್ತದಾ? ಮೀಟರ್ ಅಂದರೆ ಏನು ಅಂತ ಅವರೇ ಕೇಳಿದರೆ, ನೀವು ರಿವೈಂಡಿಂಗ್ ಮಾಡಿಕೊಂಡೇ ಇರಿ, ಇನ್ನೊಂದು ಕಂಪನಿ ಸಿಗುತ್ತದೆ.

ಕ್ಲಾಂಪ್ ಮೀಟರ್ ನಿಮ್ಮ ಹತ್ತಿರ ಹೇಗೂ ಇರುತ್ತೆ, ಅಲ್ವಾ? ತಲೆಗೆ ಕಟ್ಟುವ ಟಾರ್ಚ್ ಮತ್ತು ಒಂದು ಲೀಟರಿನ ಪ್ಲಾಸ್ಟಿಕ್ ಜಾಡಿ ತಗೊಳ್ಳಿ. ಗಾಜಿನದು ಬೇಡ, ಬ್ಯಾಗಿನಲ್ಲಿ ಉಳಿಯಲ್ಲ.