ಕಲಿ ಅಂದ್ರೆ ನಿಮ್ಮಲ್ಲಿ ಎಂತ?

ಮೊನ್ನೆ ಅಣ್ಣನ ಮಗಳು ಜಗಲಿಯಲ್ಲಿ ಕೂತು ನಲಿಕಲಿ ಕಾರ್ಡ್ ಹಿಡ್ಕೊಂಡು "ಕಲಿ ಕಲಿ" ಅಂತ ಜೋರಾಗಿ ಓದ್ತಾ ಇದ್ಲು. ಕಾಯಿ ತೆಗೀಲಿಕ್ಕೆ ಬಂದಿದ್ದ ಅಜ್ಜ, ಮೊದಲು ಮೂರ್ತೆ ಕೆಲಸ, ಅಂದ್ರೆ ಮರದಿಂದ ಕಳ್ಳು ಇಳಿಸುವ ಕೆಲಸ ಮಾಡ್ತಿದ್ದವರು, ಕತ್ತಿ ಕೆಳಗಿಟ್ಟು ತುಳುವಲ್ಲಿ "ಇತ್ತೆ ಶಾಲೆಡ್‌ಲಾ ಕಲಿ ಕೊರ್ಪೆರಾ?" ಅಂತ ಕೇಳಿದ್ರು. ಈಗ ಶಾಲೆಯಲ್ಲೂ ಕಳ್ಳು ಕೊಡ್ತಾರಾ ಅಂತ! ಮಗುವಿಗೆ ಎಂತ ನಗೋದು ಅಂತ ಗೊತ್ತಾಗ್ಲಿಲ್ಲ, ನಾವೆಲ್ಲ ನಕ್ಕು ಸುಸ್ತು.

ತುಳುವಿನ ಒಳಗೆ ಇದರಲ್ಲಿ ಗೊಂದಲವೇ ಇಲ್ಲ ನೋಡಿ, ಯಾಕಂದ್ರೆ ಕಲಿಯೋದಕ್ಕೆ ಅಲ್ಲಿ ಕಲ್ಪುನಿ ಅಂತಾರೆ, ಗಡಂಗಲ್ಲಿ, ಅಂದ್ರೆ ಕಳ್ಳಿನಂಗಡಿಯಲ್ಲಿ, ಸಿಗೋದು ಕಲಿ. ಕನ್ನಡದ ಕಳ್ಳು, ತುಳುವಿನ ಕಲಿ ಎರಡೂ ಒಂದೇ ಬೇರಿನದ್ದು, ಳ ಹೋಗಿ ಲ ಆಗಿದೆ ಅಷ್ಟೆ. ತುಳು ಅನ್ನೋದನ್ನೇ ತುಲು ಅಂತ ಹೇಳುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರಲ್ಲ.

ಆದ್ರೆ ಹಳಗನ್ನಡದಲ್ಲಿ ಕಲಿ ಅಂದ್ರೆ ಶೂರ. ಸಂಸ್ಕೃತದ ಕಲಿ ಬೇರೆಯೇ, ಜೂಜಲ್ಲಿ ಸೋಲಿನ ಗರ: ಕೃತ, ತ್ರೇತಾ, ದ್ವಾಪರ, ಕಲಿ ಇವೆಲ್ಲ ದಾಳದ ಗರದ ಹೆಸರುಗಳೂ ಹೌದು. ನಳನ ಮೈಯಿಂದ ಹೊರಬಿದ್ದ ಕಲಿ ಹೋಗಿ ಸೇರಿದ್ದು ತಾರೆ ಮರವನ್ನು, ಹಿಂದೆ ದಾಳಕ್ಕೆ ಬಳಸ್ತಿದ್ದದ್ದು ಅದರ ಕಾಯನ್ನೇ! ಯಕ್ಷಗಾನದಲ್ಲಿ ನಳದಮಯಂತಿ ಆಟ ಎಷ್ಟು ಸಲ ನೋಡಿದ್ರೂ ನಂಗೆ ಇದು ಹೊಳೆದಿರ್ಲಿಲ್ಲ. ಆಟ ಅಂದಾಗ ನೆನಪಾಯ್ತು, ಮಲಯಾಳ ಮಾತಾಡುವ ಕಾಸರಗೋಡಿನ ಸ್ನೇಹಿತರಿಗೆ ಕಳಿ ಅಂದ್ರೆ ಆಟ, ಕಥಕಳಿಯ ಕಳಿ.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700ರದ್ದು, ಅದರಲ್ಲಿ "ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್" ಅಂತ ಉಂಟಲ್ಲ, ಅಲ್ಲಿ ಮೊದಲನೇ ಕಲಿಯನ್ನು ಕಲಿಪುರುಷ ಅಂತ್ಲೂ ಓದ್ಬಹುದು, ಪೀಡಿಸುವ ಶೂರ ಅಂತ್ಲೂ ಓದ್ಬಹುದು. ನಂಗೆ ಎರಡೂ ಒಟ್ಟಿಗೇ ಕೇಳ್ತದೆ, ಬರೆದವನು ಬೇಕೂಂತ್ಲೇ ಆಡಿದ ಆಟ ಅಂತ ನನ್ನ ಲೆಕ್ಕ.

ಇನ್ನು ಕಾಲಿ ಫಾಸ್ ಅನ್ನುವ ಹೋಮಿಯೋಪತಿ ಮದ್ದು. ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಮದ್ದು ಕೊಡ್ಲಿಕ್ಕೆ ಶುರು ಮಾಡಿದ ಊರು ಇದು, ಆ ಸಕ್ಕರೆ ಗುಳಿಗೆ ತಿನ್ನದ ಮಕ್ಕಳು ಕಮ್ಮಿ. ಈ ಕಾಲಿ ಅರಬ್ಬಿಯಿಂದ ಬಂದದ್ದು, ಗಿಡ ಸುಟ್ಟ ಬೂದಿಯ ಹೆಸರು, ಆಲ್ಕಲಿಯ ಕಲಿಯೂ ಅದೇ, ಪೊಟ್ಯಾಸಿಯಮ್ಮಿಗೆ ಕೆ ಅಂತ ಬರೆಯೋದೂ ಅದರಿಂದ್ಲೇ. 2013ರಲ್ಲಿ ಬಂದ ಕಾಲಿ ಲಿನಕ್ಸ್ ಅಂತ ಒಂದು ಕಂಪ್ಯೂಟರ್ ವ್ಯವಸ್ಥೆ ಉಂಟು, ಹ್ಯಾಕಿಂಗ್ ಪರೀಕ್ಷೆ ಮಾಡುವವರದ್ದು, ಅದನ್ನು ಇಲ್ಲಿ ಎಳೆಯೋದು ಬೇಡ.

ಮೊಬೈಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಾಗಂತೂ ಕಲಿ, ಕಳಿ, ಕಾಳಿ, ಖಾಲಿ ನಾಲ್ಕೂ ಒಂದೇ ಮಾರಾಯ್ರೆ, "ಗಡಂಗು ಖಾಲಿ" ಅಂತ ಬಂದ ಮೆಸೇಜನ್ನು ನಾನು ಕಲಿ ಉಂಟು ಅಂತ ಓದಿ ಹೋಗಿದ್ದೆ, ಬಾಗಿಲು ಹಾಕಿತ್ತು.

ಈಗ ಕೇಳ್ಬೇಕಾದ್ದು ಇಷ್ಟು. ಕಾರ್ಕಳ, ಬೆಳ್ತಂಗಡಿ ಕಡೆ ತುಳು ಮಾತಾಡುವ ಹಳಬರ ಬಾಯಲ್ಲಿ ಕಳ್ಳು ಅಂದ್ರೆ ಕಲಿಯಾ, ಕಳಿಯಾ? ಮತ್ತೆ ಮನೆಯಲ್ಲಿ ಕನ್ನಡ ಮಾತಾಡುವಾಗ್ಲೂ ಕಲಿ ಅಂತ್ಲೇ ಹೇಳ್ತೀರಾ, ಇಲ್ಲ ಕಳ್ಳು, ಶೇಂದಿ ಅಂತೀರಾ?