ಬಾಲ ಅಲ್ಲಾಡಿಸುತ್ತಲೇ ಗುರ್ ಎಂದಿತು, ಯಾಕೆ?

ಪ್ರಶ್ನೆ, ಮುಲುಂಡ್‌ನಿಂದ:
ನಮ್ಮ ಸೊಸೈಟಿ ಗೇಟ್ ಹತ್ತಿರ ಒಂದು ಕಂದು ನಾಯಿ ಇದೆ, ಮೋತಿ ಅಂತ. ವಾಚ್‌ಮನ್ ಅನ್ನ ಹಾಕುತ್ತಾನೆ. ಮೊನ್ನೆ ಬಾಲ ಅಲ್ಲಾಡಿಸುತ್ತಾ ನಿಂತಿತ್ತು. ಆರು ವರ್ಷದ ಮಗಳು ತಲೆ ಸವರಲು ಹೋದಳು. ಗುರ್ ಎಂದು ಗಾಳಿಯಲ್ಲೇ ಬಾಯಿ ಹಾಕಿತು. ಪುಣ್ಯಕ್ಕೆ ಹಲ್ಲು ತಾಗಲಿಲ್ಲ. ಬಾಲ ಅಲ್ಲಾಡಿಸಿದರೆ ಖುಷಿ ಅಂತ ಅಲ್ವಾ? ನಾಯಿ ಸಾಕಿದವರು ಸ್ವಲ್ಪ ಹೇಳಿ.

ಡೊಂಬಿವಲಿಯಿಂದ:
ಬರೀ ಬಾಲ ನೋಡಿದರೆ ಸಾಲದು ಸಾರ್. ಸೊಂಟದ ಸಮೇತ ಮೈಯೆಲ್ಲಾ ಬಳುಕಿದರೆ ಖುಷಿ. ಬಾಲ ಮೇಲಕ್ಕೆ ಸೆಟೆದು, ತುದಿ ಮಾತ್ರ ಆಡುತ್ತಿದ್ದು, ಮೈ ಬಿಗಿಯಾಗಿದ್ದರೆ ಹತ್ತಿರ ಹೋಗಬೇಡಿ. 2007ರಲ್ಲಿ ಇಟಲಿಯವರು 30 ನಾಯಿಗಳನ್ನು ಪರೀಕ್ಷೆ ಮಾಡಿದ್ದರು. ಯಜಮಾನನನ್ನು ಕಂಡಾಗ ಬಾಲ ತನ್ನ ಬಲಕ್ಕೆ ಜಾಸ್ತಿ ವಾಲಿತಂತೆ, ಜೋರಿನ ಅಪರಿಚಿತ ನಾಯಿ ಕಂಡಾಗ ಎಡಕ್ಕೆ. ಗೇಟ್ ಹತ್ತಿರ ನಿಂತು ಎಡ ಬಲ ಲೆಕ್ಕ ಹಾಕುವವರು ಯಾರು, ಬಿಡಿ. ಮೈ ಬಿಗಿ ಇದೆಯಾ ಸಡಿಲ ಇದೆಯಾ, ಅಷ್ಟು ನೋಡಿ.

ಪುಣೆ, ಕೋಥ್ರೂಡ್‌ನಿಂದ:
ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಗಣಪತಿ ಹಬ್ಬಕ್ಕೆ ಮುಂಚೆ ಇಲ್ಲಿ ಸಂಜೆಯಾದರೆ ಢೋಲ್ ತಾಶಾ ಪ್ರಾಕ್ಟೀಸ್. ನಮ್ಮ ನಾಯಿ ಚಿನ್ನಿ ಒಂದೇ ಸಮನೆ ಆಕಳಿಸುತ್ತಿದ್ದಳು. ಧಾರವಾಡದಿಂದ ಬಂದಿದ್ದ ಅತ್ತೆ "ಪಾಪ, ನಿದ್ದಿ ಬಂದದ" ಅಂದರು. ನಾನೂ ಹೌದು ಅಂದೆ. ನಿದ್ದೆ ಅಲ್ಲ, ಗಾಬರಿ. ಮೂಗು ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಂಚಿನ ಬಿಳಿ ಕಾಣುವುದು, ಎಲ್ಲಾ ಇತ್ತು. ಅಷ್ಟರಲ್ಲಿ ಅಕ್ಕನ ಮಗ ಹಿಂದಿನಿಂದ ಹೋಗಿ ತಬ್ಬಿಕೊಂಡ. ಚಿನ್ನಿ ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಕಲ್ಲಾದಳು. ಅಗಿಯಲೂ ಇಲ್ಲ, ಉಗುಳಲೂ ಇಲ್ಲ. ಆಮೇಲೆ ಸಣ್ಣಗೆ ಗುರ್ ಎಂದಳು. ನಾನು ಅವಳನ್ನೇ ಗದರಿಸಿದೆ.

ಗುರ್ ಅನ್ನುವುದು ನಿಂತಿತು. ಎಷ್ಟು ಜಾಣೆ ಅಂದುಕೊಂಡೆ. ದೀಪಾವಳಿಗೆ ಅದೇ ಹುಡುಗ ಮತ್ತೆ ತಬ್ಬಿದಾಗ, ಸದ್ದೇ ಇಲ್ಲದೆ ಕೈಗೆ ಬಾಯಿ ಹಾಕಿದಳು. ಭಯ ಹಾಗೇ ಇತ್ತು. ಹೇಳುವ ಬಾಯಿಯನ್ನು ನಾನೇ ಮುಚ್ಚಿಸಿದ್ದೆ. ನಿಮ್ಮ ಮೋತಿ ಗುರ್ ಎಂದಿದ್ದು ಒಳ್ಳೆಯದೇ ಆಯಿತು.

ವಾಸ್ಕೊದಿಂದ:
ಮಕ್ಕಳಿಗೆ ನಾನು ಹೇಳಿಕೊಡುವುದು ಇಷ್ಟೇ. ನಾಯಿ ತಾನಾಗಿ ಬರಲಿ. ತಲೆ ಮೇಲಿಂದ ಕೈ ತರಬೇಡಿ, ಎದೆ ಹತ್ತಿರ ಸವರಿ. ಮೂರು ಎಣಿಸಿ ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಒತ್ತಿಕೊಂಡು ಬರುತ್ತದೆ. ಇಲ್ಲಿ ಬೀಚ್ ನಾಯಿಗಳ ಕಿವಿಯಲ್ಲಿ ಸಣ್ಣ ಕಚ್ಚು ಕಂಡರೆ ಜನ "ಸಾಧು ನಾಯಿ" ಅಂದುಕೊಳ್ಳುತ್ತಾರೆ. ಅದು ಮರಿ ಆಗದ ಹಾಗೆ ಆಪರೇಷನ್ ಆಗಿದೆ ಎಂಬ ಗುರುತು, ಸ್ವಭಾವದ ಸರ್ಟಿಫಿಕೇಟ್ ಅಲ್ಲ. ಹಲ್ಲು ತಾಗಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಖಾರದ ಪುಡಿ ಮೆತ್ತಬೇಡಿ.

ಮತ್ತೆ ಮುಲುಂಡ್‌ನಿಂದ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ದೂರ ನಿಂತು ನೋಡಿದೆವು. ವಾಚ್‌ಮನ್ ಚಹಾ ಕುಡಿದು ಬಂದಾಗ ಮೋತಿ ಸೊಂಟ ಕುಣಿಸಿಕೊಂಡು ಓಡಿತು. ಡೆಲಿವರಿ ಹುಡುಗ ಬಂದಾಗ ಬಾಲ ಕಡ್ಡಿ ಹಾಗೆ ನಿಂತಿತು, ತುದಿ ಮಾತ್ರ ಆಡುತ್ತಿತ್ತು. "ಅಪ್ಪಾ, ಇದು ಬೇರೆ ಬಾಲ" ಅಂದಳು ಮಗಳು. ಒಂದೇ ತೊಂದರೆ. ಮೋತಿ ಗುರ್ ಎಂದಾಗೆಲ್ಲ ವಾಚ್‌ಮನ್ ಕೋಲು ಎತ್ತುತ್ತಾನೆ. ಅವನನ್ನು ಒಪ್ಪಿಸುವುದು ಹೇಗೆ ಅಂತ ಯಾರಾದರೂ ಹೇಳಿ, ನನ್ನ ಹಿಂದಿ ಅಷ್ಟಕ್ಕಷ್ಟೆ.